ಕೋಲಾರದಿಂದ ಸಿಂಗಪುರಕ್ಕೆ ಬರೋರಿಗೆ: ಮೊದಲು ಬಕೆಟ್ ಬೋರಲು ಹಾಕಿ

ಶ್ರೀನಿವಾಸಪುರ, ಮುಳಬಾಗಿಲು, ಮಾಲೂರು ಕಡೆಯಿಂದ ಇಲ್ಲಿಗೆ ಹೊರಟವರೆಲ್ಲ ನನ್ನನ್ನು ಮೊದಲು ಕೇಳೋದು ಒಂದೇ: "ಅಕ್ಕಾ, ಅಲ್ಲಿ ರಾಗಿ ಹಿಟ್ಟು ಸಿಗುತ್ತಾ?" ಸಿಗುತ್ತೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆ ಅಂಗಡಿಗಳಲ್ಲಿ ರಾಗಿಯೂ ಇದೆ, ಹುರುಳಿಯೂ ಇದೆ. ಮುದ್ದೆ ಕೋಲು ಮಾತ್ರ ಊರಿಂದಲೇ ತನ್ನಿ. ನಾನು ಎರಡು ವರ್ಷ ಲಟ್ಟಣಿಗೆಯಲ್ಲಿ ತಿರುವಿ ಗಂಟುಮುದ್ದೆ ಉಂಡವಳು. ಆದರೆ ನೀವು ಯಾರೂ ಕೇಳದ ವಿಷಯ ಒಂದಿದೆ, ನೀರು.

ಸಾವಿರ ಅಡಿ ಕೊರೆದರೂ ಬರೀ ಧೂಳೆದ್ದ ಬೋರ್‌ವೆಲ್ ಕಂಡು ಬೆಳೆದವರು ನಾವು. ನಲ್ಲಿಯಲ್ಲಿ ನೀರು ಬಂತು ಅಂದರೆ ಬಿಂದಿಗೆ, ಡ್ರಮ್ಮು, ಕೊನೆಗೆ ಕುಕ್ಕರ್ ತನಕ ತುಂಬಿಸದಿದ್ದರೆ ಜೀವಕ್ಕೆ ಸಮಾಧಾನ ಇರಲ್ಲ. ಅಮ್ಮ ಇಲ್ಲಿಗೆ ಬಂದಾಗ ಇಡೀ ದಿನ ನೀರು ಬರುತ್ತೆ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಬಾಲ್ಕನಿ ಮೂಲೆಯಲ್ಲಿ ಒಂದು ಬಕೆಟ್ ತುಂಬಿಸಿ, ತಟ್ಟೆ ಮುಚ್ಚಿಟ್ಟರು. ಗಾಳಿಗೆ ತಟ್ಟೆ ಸರಿದದ್ದನ್ನು ಯಾರೂ ನೋಡಲಿಲ್ಲ. ಹತ್ತು ದಿನಕ್ಕೆ ಸೊಳ್ಳೆ ತಪಾಸಣೆಯವರು ಬಾಗಿಲು ತಟ್ಟಿದರು. ಬಕೆಟ್ಟಿಗೆ ಟಾರ್ಚ್ ಬಿಟ್ಟು, ಒಂದು ಹನಿಗೊಳವೆಯಲ್ಲಿ ನೀರೆಳೆದು ಪುಟ್ಟ ಸೀಸೆಗೆ ಹಾಕಿ ನನ್ನ ಕಣ್ಣ ಮುಂದೆ ಹಿಡಿದರು. ನೂಲಿನ ತುಂಡಿನಂಥ ಮರಿಹುಳ, ಮೇಲೆ ಕೆಳಗೆ ಬಳುಕುತ್ತಿತ್ತು. 200 ಡಾಲರ್ ದಂಡ. ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಡೆಂಗಿ ಸೊಳ್ಳೆಗೆ ಚರಂಡಿ ಬೇಡ, ತಿಳಿನೀರೇ ಬೇಕು. 20 ಸೆಂಟ್ ನಾಣ್ಯದಗಲ ನಿಂತರೂ ಸಾಕು ಅಂತ ಇಲ್ಲಿ ಸಾರುತ್ತಿರುತ್ತಾರೆ. ಈ ಸೆಕೆಗೆ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ ಸಾಕು. ತುಳಸಿ ಕುಂಡದ ಕೆಳಗಿನ ತಟ್ಟೆ, ಹೂದಾನಿ, ದೇವರ ಮುಂದಿನ ಕಲಶ, ಇವನ್ನೆಲ್ಲ ದಿನ ಬಿಟ್ಟು ದಿನ ಚೆಲ್ಲಿ ಒರೆಸಿ. ಬಳಸದ ಬಕೆಟ್ಟು ಬೋರಲಾಗಿರಲಿ.

ನಲ್ಲಿ ನೀರನ್ನು ಕಾಯಿಸದೆ ಕುಡಿಯಬಹುದು. ಕೊಳಚೆ ನೀರನ್ನು ಶುದ್ಧ ಮಾಡಿದ 'ನ್ಯೂವಾಟರ್' ಇಲ್ಲಿ 2003ರಿಂದ ಇದೆ. ಬಹುಪಾಲು ಕಾರ್ಖಾನೆಗಳಿಗೆ ಹೋಗುತ್ತೆ, ಒಂದಷ್ಟನ್ನು ಜಲಾಶಯಕ್ಕೂ ಬೆರೆಸುತ್ತಾರೆ. ಇದನ್ನು ಕೇಳಿ ಮೂಗು ಮುರಿಯೋರಿದ್ದಾರೆ. ಕೋಲಾರದವರಿಗೆ ಇದೇನು ಹೊಸದೇ? ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆ ತುಂಬುತ್ತಿದೆ, ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಮ್ಮೋರು ಬೀದಿಗಿಳಿದಿದ್ದಾರೆ. ಇಲ್ಲಿ ಸೂಕ್ಷ್ಮ ಜರಡಿ, ರಿವರ್ಸ್ ಆಸ್ಮೋಸಿಸ್, ಅತಿನೇರಳೆ ಬೆಳಕು ಎಲ್ಲವನ್ನೂ ದಾಟಿ ಬರುತ್ತೆ. ನೋಡಿದಾಗ ನನಗೆ ಹೊಟ್ಟೆ ಉರಿದದ್ದು ನಿಜ.

ಇನ್ನು ಅಡುಗೆಮನೆ. ಊರಲ್ಲಿ ಡಿಸೆಂಬರ್ ಚಳಿಗೆ ದೋಸೆ ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುತ್ತಿದ್ದೆವಲ್ಲ, ಇಲ್ಲಿ ರಾತ್ರಿ ರುಬ್ಬಿಟ್ಟು ಮಲಗಿದರೆ ಬೆಳಿಗ್ಗೆ ಕಟ್ಟೆಯೆಲ್ಲ ಹಿಟ್ಟು. ಸಂಜೆ ರುಬ್ಬಿ, ನಾಲ್ಕೈದು ಗಂಟೆಗೆ ಉಬ್ಬಿದ್ದು ಕಂಡ ಕೂಡಲೇ ಫ್ರಿಜ್ಜಿಗೆ ತಳ್ಳಿ. ರಾಗಿ ಹಿಟ್ಟು ಹೊರಗಿಟ್ಟರೆ ಹುಳ, ಚರ್ಮದ ಬೆಲ್ಟಿಗೆ ಬೂಷ್ಟು. ರೇಷ್ಮೆ ಸೀರೆಯ ಮಡಿಕೆಯನ್ನು ಆಗಾಗ ಬಿಚ್ಚಿ ಗಾಳಿಗೆ ಹಾಕಿ.

ಗಸಗಸೆ ತರಲೇಬೇಡಿ. ಹಬ್ಬದ ಪಾಯಸಕ್ಕೆ ಅಂತ ಒಂದು ಪೊಟ್ಟಣ ಕೂಡ ಬೇಡ. ಇಲ್ಲಿ ಅದು ಮಾದಕವಸ್ತು ಕಾನೂನಿನ ವ್ಯಾಪ್ತಿಗೆ ಬರುತ್ತೆ, ಮತ್ತು ಈ ದೇಶ ಆ ವಿಷಯದಲ್ಲಿ ತಮಾಷೆ ಮಾಡಲ್ಲ. ಅಜ್ಜಿ ಕಟ್ಟಿಕೊಟ್ಟ ಮಸಾಲೆ ಪುಡಿಗೆ ಏನೇನು ಹಾಕಿದ್ದಾರೆ ಅಂತಲೂ ಕೇಳಿಕೊಂಡೇ ಪೆಟ್ಟಿಗೆಗೆ ಹಾಕಿ.

ಸೊಪ್ಪಿನ ಚಿಂತೆ ಬೇಡ. ಟೆಕ್ಕಾ ಮಾರುಕಟ್ಟೆಯಲ್ಲಿ 'ಬಾಯಮ್' ಅಂತ ಮಾರೋದು ನಮ್ಮ ದಂಟಿನ ಸೊಪ್ಪೇ. ಬಸ್ಸಾರಿಗೆ ಚೆನ್ನಾಗಿ ಒದಗುತ್ತೆ. ಗಡಿಯವರಾದ ನಮಗೆ ಅರೆಬರೆ ತಮಿಳು ಬರುತ್ತಲ್ಲ, ಅದು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಅಂಗಡಿಯಲ್ಲಿ ಚೌಕಾಸಿಗೆ ಧಾರಾಳವಾಗಿ ಸಾಕು. ಡಿಸೆಂಬರಿನ ಸೊಗಡು ಅವರೆಗೆ ಸಮನಾದದ್ದನ್ನು ಮಾತ್ರ ನಾನಿನ್ನೂ ಕಂಡಿಲ್ಲ. ಮಕ್ಕಳ ಸರ್ಕಾರಿ ಶಾಲೆಯ ಮಾತೃಭಾಷೆ ಪಟ್ಟಿಯಲ್ಲಿ ಕನ್ನಡ ಇಲ್ಲ. ನಮ್ಮೋರು ಹಿಂದಿ ಇಲ್ಲವೇ ತಮಿಳು ಆರಿಸಿಕೊಳ್ಳುತ್ತಾರೆ, ಕನ್ನಡವನ್ನು ಮನೆಯಲ್ಲೇ ತಿದ್ದಿಸಬೇಕು.

ವರ್ಷಪೂರ್ತಿ ಬೆಳಿಗ್ಗೆ ಏಳರ ಹೊತ್ತಿಗೆ ಸೂರ್ಯ, ಸಂಜೆ ಏಳರ ಹೊತ್ತಿಗೆ ಕತ್ತಲು. ಊರಿಗಿಂತ ಎರಡೂವರೆ ಗಂಟೆ ಮುಂದಿದ್ದೇವೆ, ಇಲ್ಲಿ ಒಂಬತ್ತಕ್ಕೆ ಫೋನ್ ಮಾಡಿದರೆ ಅಲ್ಲಿ ದೀಪ ಹಚ್ಚುವ ಹೊತ್ತು. ಅಮ್ಮ ಈಗ ಶ್ರೀನಿವಾಸಪುರದ ಮನೆಯ ಡ್ರಮ್ಮಿಗೆ ಅಪ್ಪನ ಹಳೇ ಪಂಚೆ ಬಿಗಿದು ಕಟ್ಟುತ್ತಾರೆ. ಫೋನ್ ಎತ್ತಿದರೆ, ಊಟ ಆಯ್ತಾ ಅನ್ನುವ ಮೊದಲೇ, "ಕಲಶದ ನೀರು ಚೆಲ್ಲಿದ್ಯೇನೇ?"