ಭರತ ನೋಡಿಯೇ ಕಯಾಕ್ ಇಳಿಸುವುದು

ಉಡುಪಿ ಹತ್ತಿರದ ಕೆಮ್ಮಣ್ಣಿನ ಹಿನ್ನೀರಿನಲ್ಲಿ ನಾನು ಐದು ವರ್ಷದಿಂದ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಓಡಿಸುತ್ತಿದ್ದೇನೆ. ಸುವರ್ಣಾ ನದಿ ಇಲ್ಲಿ ಕಡಲಿನ ಬುಡದ ತನಕ ಬರುತ್ತದೆ, ಆದರೆ ನೇರ ಕಡಲಿಗೆ ಸೇರುವುದಿಲ್ಲ. ನಡುವೆ ಉದ್ದಕ್ಕೆ ಮರಳಿನ ಪಟ್ಟಿ ಇದೆ, ನಾವು ಬೆಂಗ್ರೆ ಅನ್ನುವುದು ಅದಕ್ಕೇ. ಅದರ ಒಳಗಡೆಯೇ ಉತ್ತರಕ್ಕೆ ಹರಿದು ಕೋಡಿ ಬೆಂಗ್ರೆಯ ಅಳಿವೆಯಲ್ಲಿ (ನದಿ ಕಡಲಿಗೆ ಬೀಳುವ ಬಾಯಿ) ಸೀತಾ ನದಿಯ ಜೊತೆ ಕಡಲು ಸೇರುತ್ತದೆ. ಬೆಂಗ್ರೆಯ ಆಚೆ ಅಲೆ ಅಪ್ಪಳಿಸುವ ಸದ್ದು, ಈಚೆ ನಮ್ಮ ಕಯಾಕ್ ಕೆಳಗೆ ನೀರು ಸಣ್ಣಗೆ ಅಲುಗುತ್ತಿರುತ್ತದೆ. ಮಧ್ಯೆ ಕುದ್ರುಗಳು ಅಂದರೆ ನದಿಯ ನಡುಗಡ್ಡೆಗಳು, ದಡದಲ್ಲಿ ತೆಂಗು ಮತ್ತು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್).

ಮೊದಲ ವರ್ಷ ನಾನು ಗಡಿಯಾರ ನೋಡಿ ಹೊರಡುತ್ತಿದ್ದೆ. ಅದು ತಪ್ಪು ಅಂತ ಒಂದು ಡಿಸೆಂಬರ್ ಹುಣ್ಣಿಮೆ ದಿನ ಗೊತ್ತಾಯಿತು.

ಅವತ್ತು ಬೆಳಿಗ್ಗೆ 11ರ ಹೊತ್ತಿಗೆ ಭರತ, ಅಂದರೆ ಕಡಲ ನೀರಿನ ಏರಿಕೆ, ತುಂಬಿತ್ತು. ಕಾಂಡ್ಲಾ ನಡುವಿನ ಸಣ್ಣ ಕಾಲುವೆಯಲ್ಲೂ ನೀರು ಎಲೆ ಮುಟ್ಟುತ್ತಿತ್ತು. ಒಳಗೆ ಹೋದೆ. ಒಂದು ಜಾತಿಯ ಕಾಂಡ್ಲಾದ ಬೀಜ ಮರದಲ್ಲೇ ಮೊಳಕೆಯೊಡೆದು ನುಗ್ಗೆಕಾಯಿ ಹಾಗೆ ಉದ್ದಕ್ಕೆ ನೇತಾಡುತ್ತಿರುತ್ತದೆ. ಇನ್ನೊಂದು ಜಾತಿಯ ಎಲೆ ತಿರುಗಿಸಿ ನಾಲಿಗೆಗೆ ತಾಗಿಸಿದರೆ ಉಪ್ಪು. ಬೇರಿನಿಂದ ಏರಿದ ಉಪ್ಪನ್ನು ಗಿಡ ಎಲೆಯಿಂದ ಹೊರಗೆ ಹಾಕುತ್ತದೆ. ಇದನ್ನೆಲ್ಲ ನೋಡುತ್ತಾ ಕೂತವನಿಗೆ ಇಳಿತ ಶುರುವಾಗಿದ್ದು ಗೊತ್ತೇ ಆಗಲಿಲ್ಲ. ಒಂದೂವರೆ ಹೊತ್ತಿಗೆ ಕಯಾಕ್ ತಳ ಕೆಸರಿಗೆ ಕೂತಿತು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಲೆಕ್ಕ ಹಾಕಿದೆ. ಅದೇ ಮಟ್ಟಕ್ಕೆ ನೀರು ಬರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ಕೆಳಗೆ ಇಳಿದರೆ ಕಾಲು ಮೊಣಕಾಲಿನ ತನಕ ಹೂತುಹೋಯಿತು. ಎಳೆಯಲು ಹೋದಾಗ ಸಿಂಪಿ ಚಿಪ್ಪು ಪಾದವನ್ನು ಸೀಳಿತು. ನಿಜಕ್ಕೂ ಹೆದರಿದ್ದೆ.

ಮರುವಾಯಿ (ತಿನ್ನುವ ಚಿಪ್ಪುಜೀವಿ) ಹೆಕ್ಕಲು ಬಂದಿದ್ದ ಒಬ್ಬ ಅಜ್ಜಿ ದೂರದಿಂದಲೇ ಕೈ ಮಾಡಿ ನಿಲ್ಲಿಸಿದರು. ನಡುವೆ ನಡೆಯಬೇಡ, ಬೇರು ಹೆಣೆದುಕೊಂಡ ಕಡೆ ಕಾಲಿಡು ಅಂದರು. ಬೇರು ಕೆಸರನ್ನು ಹಿಡಿದುಕೊಂಡಿರುತ್ತದೆ, ಅಲ್ವಾ? ಅವರು ತೋರಿಸಿದ ದಾರಿಯಲ್ಲಿ ಕಯಾಕ್ ಎಳೆದು ಮರಳು ದಿಬ್ಬಕ್ಕೆ ಮುಟ್ಟಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವರ ಜೊತೆ ಕೂತು ಸುಮಾರು ಹೊತ್ತು ಮಾತಾಡಿದೆ. ಅವರ ಹತ್ತಿರ ಮೊಬೈಲ್ ಇರಲಿಲ್ಲ. ತಿಥಿ ಎಣಿಸಿಯೇ ಇಳಿತದ ಹೊತ್ತು ಹೇಳುತ್ತಿದ್ದರು.

ಅವತ್ತಿನಿಂದ ನಾನು ತಿಥಿ ನೋಡುತ್ತೇನೆ, ಜೊತೆಗೆ ಭರತ ಇಳಿತದ ವೇಳಾಪಟ್ಟಿಯನ್ನೂ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿ ಹತ್ತಿರ ನೀರು ಮೆತ್ತಗೆ. ಹೊಸಬರನ್ನು ಕರೆದುಕೊಂಡು ಹೋಗುವುದಿದ್ದರೆ ಅಷ್ಟಮಿಯ ಸುತ್ತಲಿನ ದಿನಗಳನ್ನೇ ಆರಿಸುತ್ತೇನೆ. ಭರತ ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಹೊತ್ತು ಇವತ್ತಿಗೆ ನಡೆಯುವುದಿಲ್ಲ. ತುಂಬುವ ಒಂದೂವರೆ ಗಂಟೆ ಮೊದಲು ನೀರಿಗೆ ಇಳಿಯುತ್ತೇನೆ. ಏರುವ ನೀರೇ ಕಾಂಡ್ಲಾ ಒಳಗೆ ಕರೆದುಕೊಂಡು ಹೋಗುತ್ತದೆ. ತುಂಬಿ ನಿಂತ ಹೊತ್ತಿಗೆ ಹೊರಗೆ ಬಂದಿರುತ್ತೇನೆ.

ಅಳಿವೆ ಕಡೆ ಇಳಿತದ ಹೊತ್ತಿನಲ್ಲಿ ಹೋಗುವುದೇ ಇಲ್ಲ. ಎರಡು ನದಿಯ ನೀರು ಒಂದೇ ಬಾಯಿಯಿಂದ ಹೊರಗೆ ನುಗ್ಗುವಾಗ ಹುಟ್ಟು ಹಾಕಿ ಗೆಲ್ಲಲು ಆಗುವುದಿಲ್ಲ. ಗಾಳಿ ಲೆಕ್ಕವೂ ಬೇಕು. ಚಳಿಗಾಲದಲ್ಲಿ ಬೆಳಿಗ್ಗೆ ಭೂಮಿ ಕಡೆಯಿಂದ ಸಣ್ಣ ಗಾಳಿ, ಮಧ್ಯಾಹ್ನ ಕಡಲ ಗಾಳಿ ಎದ್ದರೆ ತೋಳು ಸೋಲುತ್ತದೆ. ಮಳೆಗಾಲದಲ್ಲಿ ಕಯಾಕ್ ಮನೆಯಲ್ಲೇ. ಲೈಫ್ ಜಾಕೆಟ್, ಎರಡು ಲೀಟರ್ ನೀರು, ಗಟ್ಟಿ ತಳದ ಚಪ್ಪಲಿ ಯಾವಾಗಲೂ ಇರುತ್ತವೆ.

ಒಂದು ಬೇಡಿಕೆ. ಗೂಟ ನೆಟ್ಟು ಕಟ್ಟಿದ ಬಲೆ ಕಂಡರೆ ದಯವಿಟ್ಟು ಸುತ್ತು ಹಾಕಿ ಹೋಗಿ. ಬಲೆಯನ್ನು ಎತ್ತಿ ಅಡಿಯಿಂದ ನುಸುಳುವವರನ್ನು ನೋಡಿದ್ದೇನೆ. ಅದು ಒಂದು ಮನೆಯ ಅವತ್ತಿನ ದುಡಿಮೆ.

ಈಗ ಕೆಳಗಿಳಿಯುವ ಮೊದಲು ಹುಟ್ಟನ್ನು ಊರಿ ನೋಡುತ್ತೇನೆ. ಕರಕರ ಅಂದರೆ ಮರಳು, ಇಳಿಯಬಹುದು. ಸದ್ದಿಲ್ಲದೆ ಒಳಗೆ ಹೋಗಿ ಗುಳ್ಳೆ ಎದ್ದರೆ ಕಯಾಕ್‌ನಲ್ಲೇ ಕೂರುತ್ತೇನೆ. ಕೂತಲ್ಲಿಂದಲೇ ನೋಡಲು ಸಾಕಷ್ಟಿರುತ್ತದೆ. ಕೆಸರಿನ ಮೇಲೆ ಬೆರಳುದ್ದದ ಮೀನು ಕುಪ್ಪಳಿಸುತ್ತದೆ, ಒಂದೇ ಕೊಂಬು ದೊಡ್ಡದಿರುವ ಏಡಿ ಅದನ್ನು ಎತ್ತಿ ಎತ್ತಿ ಬೀಸುತ್ತದೆ, ನೆರಳು ಬಿದ್ದ ತಕ್ಷಣ ಬಿಲಕ್ಕೆ ಇಳಿಯುತ್ತದೆ.