ಹಳೆಯ ಬಂಗಲೆಯ ಅಗ್ಗಿಷ್ಟಿಕೆ: ಹಾಸನ್ನು ಸರಿಪಡಿಸಿ ಟೈಲ್ಸ್ ಕೂರಿಸುವ ಕ್ರಮ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗೇ ಕಟ್ಟಿದ ಅಗ್ಗಿಷ್ಟಿಕೆ, ಅಂದರೆ ಫೈರ್‌ಪ್ಲೇಸ್, ಇಂದಿಗೂ ಕಾಣಸಿಗುತ್ತದೆ. ಬೆಂಕಿಯ ಅಡಿಯಲ್ಲೂ ಅದರ ಮುಂದೆಯೂ ಇರುವ ನೆಲವೇ ಅದರ ಹಾಸು. ಮಳೆಗಾಲದುದ್ದಕ್ಕೂ ಚಿಮಣಿಯಿಂದ ಇಳಿಯುವ ನೀರು ಬೂದಿಯಲ್ಲಿರುವ ಲವಣಗಳನ್ನು ಕರಗಿಸಿಕೊಂಡು ಗಾರೆಯೊಳಕ್ಕೆ ಇಂಗುತ್ತದೆ. ಒಣಗಿದಾಗ ಆ ಲವಣಗಳು ಹರಳುಗಟ್ಟಿ ಗಾರೆಯನ್ನು ಸಡಿಲಿಸುತ್ತವೆ. ಅಂತಹ ಹಾಸಿನ ಮೇಲೆ ಚಳಿಗಾಲದಲ್ಲಿ ಒಮ್ಮೆಲೇ ದೊಡ್ಡ ಬೆಂಕಿ ಹಾಕಿದಾಗ ಟೈಲ್ಸ್ ಮೇಲೇಳುವುದರಲ್ಲಿ ಆಶ್ಚರ್ಯವಿಲ್ಲ.

ಆದ್ದರಿಂದ ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಚಿಮಣಿಯನ್ನು ನೋಡಬೇಕು. ಅದರ ಬಾಯಿಗೆ ಮಳೆ ತಡೆಯುವ ಮುಚ್ಚಿಗೆ ಇಲ್ಲದಿದ್ದರೆ, ಒಳಗೆ ಹಕ್ಕಿಗೂಡೋ ಜೇನುಗೂಡೋ ಕಟ್ಟಿಕೊಂಡಿದ್ದರೆ, ಕೆಳಗೆ ಮಾಡುವ ಕೆಲಸವೆಲ್ಲ ಎರಡು ವರ್ಷದಲ್ಲಿ ಮತ್ತೆ ಹಾಳಾಗುತ್ತದೆ.

ಬಳಿಕ ಪ್ರತಿಯೊಂದು ಟೈಲನ್ನೂ ಕರಣೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿಯಾಗಿ ಕೂತಿರುವುದು ಟಣ್ಣೆನ್ನುತ್ತದೆ, ಅಡಿ ಟೊಳ್ಳಾಗಿರುವುದು ದಬ್ಬೆನ್ನುತ್ತದೆ. ಟೊಳ್ಳಾದವುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಫೋಟೊ ತೆಗೆದು, ಹಿಂಬದಿಗೆ ಸಂಖ್ಯೆ ಬರೆಯುತ್ತಾ ಅವುಗಳನ್ನು ಮಾತ್ರ ತೆಗೆಯಿರಿ. ಸುತ್ತಲಿನ ಸಂದನ್ನು ಮೊದಲು ಕೆರೆದು ಬಿಡಿಸಿಕೊಂಡು, ಚಪ್ಪಟೆ ಉಳಿಯನ್ನು ನೆಲಕ್ಕೆ ಬಹುತೇಕ ಮಲಗಿಸಿ ಹಿಡಿದು, ಸಡಿಲಾದ ಅಂಚಿನಿಂದ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಹೋದರೆ ಹಳೆಯ ಸುಣ್ಣದ ಗಾರೆ ಸಾಮಾನ್ಯವಾಗಿ ತಾನೇ ಬಿಟ್ಟುಕೊಡುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ತಪ್ಪದೆ ಇರಲಿ. ತೆಗೆದ ಟೈಲ್ಸನ್ನು ದಯವಿಟ್ಟು ಎಸೆಯಬೇಡಿ. ಹಿಂಬದಿಯಲ್ಲಿ ತಯಾರಕರ ಮುದ್ರೆ ಇದ್ದರಂತೂ ಅದು ಆ ಮನೆಯ ಚರಿತ್ರೆಯ ಭಾಗ. ಮಸಿಯನ್ನು ಬಿಸಿನೀರು, ವಾಷಿಂಗ್ ಸೋಡಾ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಆಸಿಡ್ ಮತ್ತು ತಂತಿ ಬ್ರಷ್ ಎರಡೂ ಹೊಳಪನ್ನು ಕೆಡಿಸುತ್ತವೆ.

ಇನ್ನು ಅಡಿಪಾಯ. ಪುಡಿಯಾಗಿ ಬರುವ ಗಾರೆಯನ್ನೆಲ್ಲ ಗಟ್ಟಿ ಪದರ ಸಿಗುವವರೆಗೆ ತೆಗೆದು, ಕೆಳಗೆ ಮರದ ತೊಲೆಗಳು ಹಾದುಹೋಗಿವೆಯೇ ಎಂಬುದನ್ನು ಪರೀಕ್ಷಿಸಬೇಕು. ಸುಟ್ಟ ಗುರುತಿರುವ ಮರ ಕಂಡರೆ ಕೆಲಸ ನಿಲ್ಲಿಸಿ ಇಂಜಿನಿಯರರನ್ನು ಕರೆಸುವುದೇ ಸರಿ. ಸುಣ್ಣದ ಕಟ್ಟಡಕ್ಕೆ ಸುಣ್ಣದ ಗಾರೆಯೇ ಹೊಂದುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ: ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ), ಎರಡು ಪಾಲು ಮರಳು. ಹಾಕುವ ಮುನ್ನ ಹಳೆಯ ಪದರವನ್ನು ಚೆನ್ನಾಗಿ ನೆನೆಸಿ, ಹಾಕಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ನಿಧಾನವಾಗಿ ಒಣಗಲು ಬಿಡಿ.

ಬೆಂಕಿ ನೇರವಾಗಿ ಕೂರುವ ಜಾಗಕ್ಕೆ ಟೈಲ್ಸ್ ಹಾಕಲೇಬಾರದು. ಅಲ್ಲಿ ಫೈರ್ ಬ್ರಿಕ್ಸ್, ಅಂದರೆ ಬೆಂಕಿ ತಾಳುವ ಇಟ್ಟಿಗೆ, ಇಟ್ಟು, ಶಾಖ ತಡೆಯುವ ಗಾರೆಯಿಂದ ಸಂದು ತುಂಬಬೇಕು. ಟೈಲ್ಸ್ ಏನಿದ್ದರೂ ಮುಂಭಾಗಕ್ಕೆ. ಆ ಮುಂಭಾಗ ಅಗ್ಗಿಷ್ಟಿಕೆಯ ಬಾಯಿಯಿಂದ ಕನಿಷ್ಠ 16 ಅಂಗುಲ ಮುಂದಕ್ಕೂ ಎರಡು ಪಕ್ಕಗಳಿಗೆ 8 ಅಂಗುಲವೂ ಚಾಚಿರಬೇಕೆಂದು ಅಮೆರಿಕದ ಕಟ್ಟಡ ನಿಯಮಗಳು ಹೇಳುತ್ತವೆ. ಮರದ ನೆಲವಿರುವ ನಮ್ಮ ಬಂಗಲೆಗಳಿಗೂ ಅದು ಒಳ್ಳೆಯ ಅಳತೆ.

ಮೊದಲು ಗಾರೆಯಿಲ್ಲದೆ ನಡುವಿನಿಂದ ಎರಡೂ ಬದಿಗೆ ಟೈಲ್ಸ್ ಜೋಡಿಸಿ ನೋಡಿ, ಕತ್ತರಿಸಿದ ತುಂಡುಗಳು ಅಂಚಿಗೆ ಬರುವಂತೆ ಹೊಂದಿಸಿಕೊಳ್ಳಿ. ಹಳೆಯವನ್ನೇ ಮರಳಿ ಕೂರಿಸುವುದಾದರೆ ಸುಣ್ಣದ ಗಾರೆ ಸಾಕು, ಮುಂದೆಂದಾದರೂ ಒಡೆಯದೆ ತೆಗೆಯಬಹುದು. ಹೊಸ ಟೈಲ್ಸಿಗೆ ನೀರಲ್ಲಿ ಕಲಸುವ ಸಿಮೆಂಟ್ ಪುಡಿಯ ಅಂಟನ್ನು ಬಳಸಿ. ಡಬ್ಬಿಯಲ್ಲಿ ಸಿದ್ಧವಾಗಿ ಸಿಗುವ ಅಂಟು ಶಾಖಕ್ಕೆ ಮೆತ್ತಗಾಗುತ್ತದೆ. ಪ್ರತಿ ಸಾಲಿಗೂ ರಸಮಟ್ಟ ಇಟ್ಟು, 2ರಿಂದ 3 ಮಿಲಿಮೀಟರ್ ಸಂದು ಬಿಡಿ. ಹಾಸು ಫೈರ್ ಬ್ರಿಕ್ಸ್‌ಗೆ ತಾಗುವಲ್ಲಿ ಮಾತ್ರ 5 ಮಿಲಿಮೀಟರ್ ಬಿಟ್ಟು, ಶಾಖ ತಾಳುವ ಸೀಲೆಂಟ್ ತುಂಬಿ, ಏಕೆಂದರೆ ಕಾದಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ.

ಕೊನೆಗೆ 28 ದಿನ ಕಾಯಬೇಕು. ಆಮೇಲೂ ಮೊದಲ ದಿನ ಒಂದು ಹಿಡಿ ಕಾಫಿ ಪುಳ್ಳೆಗಳ ಬೆಂಕಿ ಅರ್ಧ ಗಂಟೆ ಉರಿದರೆ ಸಾಕು, ಮರುದಿನ ಸ್ವಲ್ಪ ಹೆಚ್ಚು. ಹೀಗೆ ನಾಲ್ಕೈದು ದಿನ ಉಳಿದ ತೇವ ಹೊರಬರಲು ಬಿಟ್ಟ ಬಳಿಕ ದೊಡ್ಡ ಕೊರಡನ್ನು ಇಡಬಹುದು.