ರೀಫ್ ಟ್ಯಾಂಕಲ್ಲಿ ಪಾಚಿ ಎದ್ದಿದ್ಯಾ? ಮೊದ್ಲು ಅದು ಯಾವ್ದು ಅಂತ ನೋಡಿ

ರೀಫ್ ಟ್ಯಾಂಕ್ ಅಂದ್ರೆ ಹವಳ ಬೆಳೆಸೋ ಉಪ್ಪುನೀರಿನ ಅಕ್ವೇರಿಯಂ. ಅದ್ರೊಳಗಿನ ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಕಂಡ ತಕ್ಷಣ ಗಾಬರಿ ಬಿದ್ದು ಯಾವ್ದೋ ಬಾಟ್ಲಿ ಕೆಮಿಕಲ್ ಸುರೀಬೇಡಿ. ಶುರುವಲ್ಲಿ ನಾನೂ ಸುರಿದಿದ್ದೆ, ಪಾಚಿ ಹಾಗೇ ಇತ್ತು, ಹವಳಗಳು ಮಾತ್ರ ಮುದುರ್ಕೊಂಡು ಕೂತ್ವು.

ಮೊದಲ್ನೇ ಕೆಲ್ಸ ಗುರುತು ಹಿಡಿಯೋದು. ಹೊಸ ಟ್ಯಾಂಕಲ್ಲಿ ಮರಳ ಮೇಲೆ ಕಂದು ಪುಡಿ ಉದುರಿಸ್ದಂಗಿದ್ರೆ ಅದು ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ನೀರಲ್ಲಿರೋ ಸಿಲಿಕೇಟ್ ಮುಗಿದ್ಮೇಲೆ ಕೆಲವು ವಾರದಲ್ಲಿ ತಾನೇ ಹೋಗತ್ತೆ, ಬಿಟ್ಬಿಡಿ. ಕೆಂಪು ಲೋಳೆ ಹಾಳೆ ಹಾಳೆಯಾಗಿ ಕಿತ್ತು ಬಂದ್ರೆ ಸಯನೋ (ಸಯನೋಬ್ಯಾಕ್ಟೀರಿಯಾ), ಅದು ಪಾಚೀನೇ ಅಲ್ಲ, ಬ್ಯಾಕ್ಟೀರಿಯಾ. ಕಂದು ಸಿಂಬಳದ ಥರ ಎಳೆಗಳು, ಅದ್ರಲ್ಲಿ ಗಾಳಿ ಗುಳ್ಳೆ, ರಾತ್ರಿ ಕಮ್ಮಿ ಆಗಿ ಲೈಟ್ ಬಂದ್ಮೇಲೆ ಮತ್ತೆ ಹಾಜರ್ ಅಂದ್ರೆ ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ) ಇರ್ಬೇಕು. ಅನುಮಾನ ಇದ್ರೆ ಸ್ವಲ್ಪ ತೆಗೆದು ಟ್ಯಾಂಕ್ ನೀರಿನ ಜೊತೆ ಬಾಟ್ಲೀಲಿ ಚೆನ್ನಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಲ್ಲಿ ಸೋಸಿ, ಸೋಸಿದ ನೀರನ್ನ ಒಂದು ಗಂಟೆ ಲೈಟ್ ಕೆಳಗಿಡಿ, ಎಳೆಗಳು ಮತ್ತೆ ಕೂಡ್ಕೊಂಡ್ರೆ ಡೈನೋನೇ.

ಇಷ್ಟೆಲ್ಲಾ ಯಾಕೆ ಅಂದ್ರೆ ಒಂದರ ಮದ್ದು ಇನ್ನೊಂದಕ್ಕೆ ಉಲ್ಟಾ ಹೊಡಿಯತ್ತೆ. ಡೈನೋ ಹೆಚ್ಚಾಗಿ ಏಳೋದೇ ಪಾಚಿಗೆ ಗೊಬ್ಬರ ಆಗೋ ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಬಂದಾಗ, ಅಲ್ಲಿ ಅವನ್ನ ಏರಿಸ್ಬೇಕು. ಕೂದಲು ಪಾಚಿಗೆ ಇಳಿಸ್ಬೇಕು, ಅದೂ ನಿಧಾನಕ್ಕೆ. ನೈಟ್ರೇಟ್ 5ರಿಂದ 10 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಇದ್ರೆ ಸಾಕು. ಟ್ಯಾಂಕ್ ತುಂಬಾ ಪಾಚಿ ಇದ್ದೂ ಟೆಸ್ಟ್ ಕಿಟ್ ಸೊನ್ನೆ ತೋರಿಸ್ತಿದ್ರೆ ನಂಬ್ಬೇಡಿ, ಬಂದಿದ್ದನ್ನೆಲ್ಲಾ ಪಾಚೀನೇ ಕುಡೀತಿದೆ ಅಷ್ಟೆ.

ಆಮೇಲೆ ಕೈಕೆಲ್ಸ, ಬೇಜಾರಿನ ಕೆಲ್ಸ ಆದ್ರೂ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಪಂಪ್ ಆಫ್ ಮಾಡಿ, ಸೈಫನ್ ಪೈಪಿನ ತುದಿಗೆ ಹಳೇ ಟೂತ್‌ಬ್ರಷ್ ರಬ್ಬರ್ ಬ್ಯಾಂಡಲ್ಲಿ ಕಟ್ಟಿ ಉಜ್ಜಿ, ಕಿತ್ತಿದ್ದು ತೇಲಿ ಹೋಗಿ ಇನ್ನೊಂದ್ ಕಲ್ಲಿಗೆ ಅಂಟೋ ಮೊದ್ಲೇ ಪೈಪ್ ಎಳ್ಕೊಳತ್ತೆ. ತೆಗೆಯೋಕಾಗೋ ಕಲ್ಲಾದ್ರೆ ಟ್ಯಾಂಕಿನದ್ದೇ ನೀರು ತುಂಬಿದ ಬಕೆಟ್ಟಲ್ಲಿ ಉಜ್ಜಿ, ನಲ್ಲಿ ಕೆಳಗೆ ಬೇಡ, ಕಲ್ಲಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಸಾಯತ್ತೆ.

ನೀರೂ ನೋಡ್ಕೊಳಿ. ಟ್ಯಾಂಕಿಗೆ ಬಳಸೋ ಆರ್‌ಓ-ಡಿಐ ನೀರಿನ (ಫಿಲ್ಟರಲ್ಲಿ ಪೂರ್ತಿ ಶುದ್ಧ ಮಾಡಿದ ನೀರು) ಟಿಡಿಎಸ್, ಅಂದ್ರೆ ಅದ್ರಲ್ಲಿ ಕರಗಿರೋ ವಸ್ತುಗಳ ಅಳತೆ, ಸೊನ್ನೆ ಇರ್ಬೇಕು, ಆವಿಯಾಗಿ ಹೋಗೋದು ಬರೀ ನೀರು, ನೀವು ನಲ್ಲಿ ನೀರು ತುಂಬಿಸ್ತಾ ಹೋದ್ರೆ ಅದ್ರಲ್ಲಿರೋದೆಲ್ಲ ಟ್ಯಾಂಕಲ್ಲೇ ಗುಡ್ಡೆ ಬೀಳತ್ತೆ. ಫ್ರೋಜನ್ ಫುಡ್ ಕರಗಿಸಿ, ಆ ನೀರು ಚೆಲ್ಲಿ ಹಾಕಿ. ಲೈಟ್ ದಿನಕ್ಕೆ 8 ಗಂಟೆ ಸಾಕು.

ಟರ್ಬೋ ಬಸವನಹುಳು ಬಿಡೋದು ಕೊನೇಗೆ, ಉದ್ದ ಬೆಳೆದ ಪಾಚಿಯನ್ನ ಅವು ಅಷ್ಟಾಗಿ ಮುಟ್ಟಲ್ಲ, ಕಿತ್ತ ಮೇಲೆ ಉಳಿದ ಮೋಟು ಗಡ್ಡ ಮಾತ್ರ ಚೆನ್ನಾಗಿ ಬೋಳಿಸ್ತವೆ. ಸಾಲದ್ದಕ್ಕೆ ಅವು ಬುಲ್ಡೋಜರ್ ಇದ್ದಂಗೆ, ಅಂಟಿಸ್ದೇ ಇಟ್ಟ ಹವಳದ ತುಂಡುಗಳನ್ನೆಲ್ಲಾ ಉರುಳಿಸ್ಕೊಂಡು ಹೋಗ್ತವೆ, ಬಿಡೋಕ್ ಮುಂಚೆ ಗ್ಲೂ ಹಾಕಿಡಿ.